ಎಂಎಸ್‌ಡಬ್ಲ್ಯು ಗೈಡ್ ಹಿನ್ನೆಲೆ ನೋಡುವುದು ಹೇಗೆ?

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಕೌನ್ಸೆಲಿಂಗ್ ಎಂಎಸ್ಸಿಗೆ ಸೇರುವವರು ಫೀಸು, ಹಾಸ್ಟೆಲ್, ಪ್ಲೇಸ್‌ಮೆಂಟ್ ಎಲ್ಲ ವಿಚಾರಿಸುತ್ತಾರೆ. ಎರಡು ವರ್ಷ ತಮ್ಮ ಫೀಲ್ಡ್‌ವರ್ಕ್ ರಿಪೋರ್ಟ್ ಓದಿ ದಾರಿ ತೋರುವ ಗೈಡ್ ಯಾರು, ಅವರು ಮೊದಲು ಎಲ್ಲಿ ಕೆಲಸ ಮಾಡಿದವರು ಎಂದು ಮಾತ್ರ ಕೇಳುವುದಿಲ್ಲ. ಇದರ ಬಿಸಿ ತಟ್ಟುವುದು ಮೂರನೇ ಸೆಮಿಸ್ಟರಿನಲ್ಲಿ. ವಿಷ ಕುಡಿದು ಬದುಕುಳಿದ ರೋಗಿಯೊಂದಿಗೆ ವಾರ್ಡಿನಲ್ಲಿ ಕುಳಿತು ಬಂದ ವಿದ್ಯಾರ್ಥಿ, ಕಾರ್ಖಾನೆಯ ಎಚ್‌ಆರ್ ಬಿಟ್ಟು ಬೇರೇನೂ ನೋಡದ ಗೈಡ್ ಮುಂದೆ ನಿಂತು ‘ಈಗ ಏನು ಮಾಡಲಿ?’ ಎಂದು ಕೇಳಬೇಕಾಗುತ್ತದೆ. ಆ ಗೈಡ್ ಒಳ್ಳೆಯವರೇ ಇರಬಹುದು, ಆದರೆ ಆ ಪ್ರಶ್ನೆಗೆ ಅವರಲ್ಲಿ ಉತ್ತರ ಇರುವುದಿಲ್ಲ.

ಗೈಡನ್ನು ವಿಭಾಗವೇ ಹಂಚುತ್ತದೆ, ನಮ್ಮ ಕೈಯಲ್ಲಿ ಏನಿದೆ ಎಂದು ಕೈಚೆಲ್ಲಬೇಡಿ. ಸ್ಪೆಷಲೈಸೇಶನ್ ಆರಿಸುವಾಗ, ಡೆಸರ್ಟೇಶನ್ (ಸಂಶೋಧನಾ ಪ್ರಬಂಧ) ವಿಷಯ ಕೊಡುವಾಗ ನಿಮ್ಮ ಮಾತಿಗೂ ಜಾಗ ಇರುತ್ತದೆ. ಅದಕ್ಕೆ ಮೊದಲು ನಿಮಗೆ ಬೇಕಾದದ್ದು ಆಸ್ಪತ್ರೆಯೋ, ಸಮುದಾಯವೋ, ಶಾಲೆಯೋ, ಎಚ್‌ಆರೋ ಎಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ನಂತರ ಪದವಿ. ಇದು ಸುಲಭದ ಕೆಲಸ, ಅರ್ಧ ಗಂಟೆ ಸಾಕು. ಕಾಲೇಜಿನ ವೆಬ್‌ಸೈಟಿನಲ್ಲಿ ಗೈಡ್ ಅವರ ಸ್ನಾತಕೋತ್ತರ ಪದವಿ ಯಾವ ವಿಷಯದ್ದೆಂದು ನೋಡಿ. ಎಂಎಸ್‌ಡಬ್ಲ್ಯು ಬೇರೆ, ಸಮಾಜಶಾಸ್ತ್ರದ ಎಂಎ ಬೇರೆ. ಎರಡನೆಯದರಲ್ಲಿ ವಾರಕ್ಕೆರಡು ದಿನ ಫೀಲ್ಡಿಗೆ ಹೋಗಿ, ರಿಪೋರ್ಟ್ ಬರೆದು, ಅದರ ಬಗ್ಗೆ ಗೈಡ್ ಜತೆ ಚರ್ಚೆಗೆ, ಅಂದರೆ ಕಾನ್ಫರೆನ್ಸಿಗೆ ಕೂರುವ ಪಾಠ ಇರುವುದಿಲ್ಲ. ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿದ್ದರೆ ಯಾವ ವಿಷಯದಲ್ಲಿ ಎಂಬುದನ್ನೂ ಗಮನಿಸಿ: ಸಮಾಜಕಾರ್ಯದ ಕೋಡ್ 10, ಮನಶ್ಶಾಸ್ತ್ರದ್ದು 04. ಪಿಎಚ್‌ಡಿ ಇದ್ದರೆ ಪ್ರಬಂಧದ ಶೀರ್ಷಿಕೆಯನ್ನು ‘ಶೋಧಗಂಗಾ’ ತಾಣದಲ್ಲಿ ಹುಡುಕಿ. ಸಿಕ್ಕರೆ ಮುನ್ನುಡಿಯಲ್ಲ, ಸಂಶೋಧನಾ ವಿಧಾನದ ಅಧ್ಯಾಯ ಓದಿ. ಜನರನ್ನು ಮುಖತಃ ಭೇಟಿಯಾಗಿ ಮಾಡಿದ ಕೆಲಸವೋ, ಪ್ರಶ್ನಾವಳಿ ಹಂಚಿ ಶೇಕಡಾವಾರು ಬರೆದದ್ದೋ ಎಂಬುದು ಅಲ್ಲೇ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಅನುಭವದ ಸಾಲು ಓದುವಾಗ. ಹೀಗೊಂದು ಪರಿಚಯ ಇದೆ ಎಂದುಕೊಳ್ಳಿ: ‘20 ವರ್ಷಗಳ ಬೋಧನೆ ಮತ್ತು ಕ್ಷೇತ್ರ ಅನುಭವ. ನೂರಕ್ಕೂ ಹೆಚ್ಚು ಕಾರ್ಯಾಗಾರಗಳಲ್ಲಿ ಸಂಪನ್ಮೂಲ ವ್ಯಕ್ತಿ. ಹಲವು ಎನ್‌ಜಿಒಗಳ ಸಲಹೆಗಾರರು. ಸರ್ಟಿಫೈಡ್ ಕೌನ್ಸೆಲರ್.’ ಓದಿದ ಕೂಡಲೇ ಗೌರವ ಬರುತ್ತದೆ. ಪೆನ್ಸಿಲ್ ಹಿಡಿದು ಒಂದೊಂದೇ ಬಿಡಿಸಿ. ‘ಬೋಧನೆ ಮತ್ತು ಕ್ಷೇತ್ರ’ ಒಟ್ಟು ಸೇರಿಸಿದ್ದಾರೆ. 19 ವರ್ಷ ಪಾಠ, ಒಂದು ವರ್ಷ ಪ್ರಾಜೆಕ್ಟ್ ಇದ್ದರೂ ಸಾಲು ಸುಳ್ಳಾಗುವುದಿಲ್ಲ. ಸಂಪನ್ಮೂಲ ವ್ಯಕ್ತಿ ಎಂದರೆ ಭಾಷಣ. ಅದು ಕೇಸ್‌ವರ್ಕ್, ಅಂದರೆ ಒಬ್ಬೊಬ್ಬರ ಸಮಸ್ಯೆ ಹಿಡಿದು ಜತೆಗೆ ಕೂತು ಮಾಡುವ ಕೆಲಸ ಅಲ್ಲ. ಸಲಹೆಗಾರರು ಎಂಬುದು ತಿಂಗಳಿಗೊಂದು ಮೀಟಿಂಗೂ ಇರಬಹುದು. ಇನ್ನು ‘ಸರ್ಟಿಫೈಡ್’ ಎಂದರೆ ಕೊಟ್ಟವರು ಯಾರು, ಎಷ್ಟು ಗಂಟೆ, ಅದರಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ನಿಜವಾದ ಕ್ಲೈಂಟ್ ಜತೆ ಕಳೆದದ್ದು ಎಷ್ಟು? ಶನಿವಾರ-ಭಾನುವಾರದ ಆನ್‌ಲೈನ್ ಕೋರ್ಸ್ ಮುಗಿಸಿ ಬಣ್ಣದ ಸರ್ಟಿಫಿಕೇಟ್ ಪಡೆಯುವುದು ಈಗ ಕಷ್ಟವೇ ಅಲ್ಲ. ಅಂಥದ್ದಕ್ಕೆ ಸೊನ್ನೆ ಅಂಕ ಕೊಡಿ, ನೀವೂ ದುಡ್ಡು ಹಾಕಬೇಡಿ.

ನೋಡಬೇಕಾದ್ದು ಮೂರೇ: ಸಂಸ್ಥೆಯ ಹೆಸರು, ಹುದ್ದೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಎಂಬ ಇಸವಿ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಲಹೆ ಕೇಂದ್ರ) ಕೌನ್ಸೆಲರ್, ಮಕ್ಕಳ ಸಹಾಯವಾಣಿ 1098ರಲ್ಲಿ ಸಂಯೋಜಕರು, ಕರಾವಳಿಯ ಬುಡಕಟ್ಟಾದ ಕೊರಗರ ಕಾಲನಿಗಳ ಯೋಜನೆಯಲ್ಲಿ ಸಮುದಾಯ ಸಂಘಟಕರು, ಮದ್ಯವ್ಯಸನ ಮುಕ್ತಿ ಕೇಂದ್ರದಲ್ಲಿ ಸಮಾಜಕಾರ್ಯಕರ್ತರು ಎಂದು ಬರೆದಿದ್ದರೆ ತೂಕ ಇದೆ. ನನ್ನ ಲೆಕ್ಕದಲ್ಲಿ ಸತತ ಮೂರು ವರ್ಷ ಒಂದೇ ಕಡೆ ಪೂರ್ಣಾವಧಿ ದುಡಿದದ್ದು, ಹತ್ತು ಕಡೆ ಆರಾರು ತಿಂಗಳು ಓಡಾಡಿದ್ದಕ್ಕಿಂತ ಮೇಲು. ಹಳೆಯ ಕೇಸ್ ಮತ್ತೆ ಮರಳಿ ಬರುವುದನ್ನು, ತಾನು ಕೊಟ್ಟ ಸಲಹೆ ಕೈಕೊಡುವುದನ್ನು ಆ ಮೂರು ವರ್ಷದಲ್ಲಿ ಕಂಡಿರುತ್ತಾರೆ.

ಮಂಗಳೂರು-ಉಡುಪಿ ಕಡೆಯದೇ ಇನ್ನೊಂದು ಸಂಗತಿ ಭಾಷೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ವಾರ್ಡಿನ ಒಂದು ಸಾಲಿನಲ್ಲೇ ತುಳು, ಬ್ಯಾರಿ, ಕೊಂಕಣಿ, ಉತ್ತರ ಕರ್ನಾಟಕದ ಕನ್ನಡ ಕೇಳಿಬರುತ್ತದೆ. ಮಲ್ಪೆಯ ಮೀನುಗಾರ ಕುಟುಂಬದ ಜತೆ ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಮೊದಲ ಭೇಟಿಯೇ ಕೊನೆಯದಾಗಬಹುದು. ಇಲ್ಲಿ ಫೀಲ್ಡ್ ಮಾಡಿದ ಗೈಡಿಗೆ ಇದು ಗೊತ್ತಿರುತ್ತದೆ. ಬೇರೆ ಊರಿನ ಅನುಭವ ಕೀಳಲ್ಲ. ನಿಮ್ಮ ಡೆಸರ್ಟೇಶನ್ ಇಲ್ಲಿಯದಾದರೆ ಮಾತ್ರ ಈ ಅಂಶಕ್ಕೆ ಹೆಚ್ಚು ಬೆಲೆ.

ನೋಂದಣಿಯ ವಿಷಯದಲ್ಲಿ ಗೊಂದಲ ಬಹಳ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನಂಬರ್ ಇದೆ ಎಂದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ತೀರ್ಮಾನಿಸಬೇಡಿ. ವಿಶೇಷ ಶಿಕ್ಷಕರಿಗೂ ವಾಕ್ ಮತ್ತು ಶ್ರವಣ ತಜ್ಞರಿಗೂ ಅದೇ ರಿಜಿಸ್ಟರಿನಲ್ಲಿ ನಂಬರ್ ಇರುತ್ತದೆ. ಯಾವ ವರ್ಗದಲ್ಲಿ, ಎಲ್ಲಿಯವರೆಗೆ ಸಿಂಧು ಎರಡನ್ನೂ ನೋಡಿ. ಪಿಎಸ್‌ಡಬ್ಲ್ಯು, ಅಂದರೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಯಾರು ಎಂಬುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂಫಿಲ್. ಎಂಎಸ್‌ಡಬ್ಲ್ಯುನಲ್ಲಿ ‘ಮೆಡಿಕಲ್ ಆಂಡ್ ಸೈಕಿಯಾಟ್ರಿಕ್’ ಸ್ಪೆಷಲೈಸೇಶನ್ ಓದಿದ ಮಾತ್ರಕ್ಕೆ ಕಾಯ್ದೆಯ ಅರ್ಥದಲ್ಲಿ ಪಿಎಸ್‌ಡಬ್ಲ್ಯು ಆಗುವುದಿಲ್ಲ. ಯುಜಿಸಿ 2022ರಲ್ಲಿ ಎಂಫಿಲ್ ನಿಲ್ಲಿಸಿದರೂ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಎಂಬ ಎರಡು ವಿಷಯಗಳಿಗೆ 2025-26ರವರೆಗೆ ಅವಕಾಶ ಮುಂದುವರಿಸಿತು. ಹಾಗಾಗಿ ಗೈಡ್ ಎಂಫಿಲ್ ಮಾಡಿದ್ದರೆ ಹಳೆಯ ಪದವಿ ಎಂದು ಬದಿಗೆ ತಳ್ಳಬೇಡಿ.

ಕೊನೆಗೆ ಭೇಟಿ. ಹತ್ತು ನಿಮಿಷ ಸಮಯ ಕೇಳಿ ಹೋಗಿ, ವಿನಯದಿಂದ ನೇರವಾಗಿ ಕೇಳಿ: ‘ಮೇಡಂ, ನೀವು ಕೇಸ್‌ವರ್ಕ್ ಮಾಡುತ್ತಿದ್ದಾಗ ನಿಮ್ಮ ಕೆಲಸ ನೋಡುತ್ತಿದ್ದವರು ಯಾರು?’ ನಿಜವಾಗಿ ದುಡಿದವರು ತಮ್ಮ ಮೇಲ್ವಿಚಾರಕರ ಬಗ್ಗೆ ಖುಷಿಯಿಂದ ಮಾತಾಡುತ್ತಾರೆ. ‘ಇಂಡಿವಿಜುವಲ್ ಕಾನ್ಫರೆನ್ಸ್ ವಾರದ ಯಾವ ದಿನ, ಎಷ್ಟು ಹೊತ್ತು?’ ಎಂದೂ ಕೇಳಿ. ‘ಬೇಕಾದಾಗ ಬನ್ನಿ’ ಎಂಬ ಉತ್ತರ ಬಂದರೆ ಆ ಕಾನ್ಫರೆನ್ಸ್ ನಡೆಯುವುದಿಲ್ಲ ಎಂದೇ ತಿಳಿಯಿರಿ. ಸೀನಿಯರ್ ಒಬ್ಬರ ಹತ್ತಿರ, ಕ್ಲೈಂಟ್ ಹೆಸರು ಮತ್ತು ವಿವರ ಪೂರ್ತಿ ಮುಚ್ಚಿ, ರಿಪೋರ್ಟಿನಲ್ಲಿ ಗೈಡ್ ಬರೆದ ಷರಾ ಮಾತ್ರ ತೋರಿಸಲು ಹೇಳಿ. ಪುಟಪುಟಕ್ಕೂ ಟಿಕ್ ಮತ್ತು ಸಹಿ ಇದ್ದರೆ ಅವರು ಓದಿಲ್ಲ. ಅಂಚಿನಲ್ಲಿ ‘ಆಕೆ ಸುಮ್ಮನಾದಾಗ ನೀವು ಪ್ರಶ್ನೆ ಬದಲಿಸಿದ್ದು ಏಕೆ?’ ಎಂಬಂಥ ಒಂದು ಸಾಲು ಸಿಕ್ಕಿದರೂ ಸಾಕು, ಆ ಗೈಡನ್ನು ಬಿಡಬೇಡಿ.

ಪಿಎಚ್‌ಡಿಗೆ ಹೋಗುವವರಿಗೆ ಮಾತ್ರ ಇನ್ನೊಂದು ಲೆಕ್ಕ. 2022ರ ಯುಜಿಸಿ ನಿಯಮದಂತೆ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಗೈಡ್ ಆಗಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸೀಟು ಖಾಲಿ ಇದೆಯೇ ಎಂದು ಮೊದಲೇ ಕೇಳಿ. ಲೇಖನಗಳ ಪಟ್ಟಿ ಉದ್ದ ಇದೆ ಎಂದು ಮರುಳಾಗಬೇಡಿ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ಜರ್ನಲ್‌ಗಳಿವೆ.

ಇಷ್ಟಾದ ಮೇಲೂ ಹೊಂದದ ಗೈಡ್ ಬಂದರೆ ಜಗಳ ಬೇಡ, ಬದಲಿಸಿ ಎಂದು ಹಟವೂ ಬೇಡ. ಮೊದಲ ತಿಂಗಳಲ್ಲೇ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಒಂದು ಪುಟದ ಪತ್ರ ಕೊಡಿ. ನಿಮ್ಮ ಫೀಲ್ಡ್ ಯಾವುದು, ಅಲ್ಲಿ ಎಂಥ ಕೇಸ್‌ಗಳು ಬರುತ್ತವೆ ಎಂದು ಬರೆದು, ನೀವು ಫೀಲ್ಡ್‌ವರ್ಕ್ ಮಾಡುವ ಸಂಸ್ಥೆಯ ಅನುಭವಿ ಸಮಾಜಕಾರ್ಯಕರ್ತರೊಬ್ಬರನ್ನು ಏಜೆನ್ಸಿ ಸೂಪರ್‌ವೈಸರ್ ಆಗಿ ಲಿಖಿತವಾಗಿ ನೇಮಿಸಲು ಕೋರಿ. ಬಾಯಿಮಾತಿನ ಒಪ್ಪಿಗೆ ಸಾಲದು; ಪತ್ರದ ಒಂದು ಪ್ರತಿ ನಿಮ್ಮ ಫೀಲ್ಡ್‌ವರ್ಕ್ ಫೈಲಿನಲ್ಲಿ ಇರಲಿ.