ದೊಡ್ಡಪ್ಪನ ರ್‍ಯಾಲಿಗೆ ಬಣ್ಣ ಹೊಡೆಸಲಿಲ್ಲ

ಆಲ್ದೂರಿನ ದೊಡ್ಡಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಹಾಜರಿ ಪುಸ್ತಕವನ್ನು ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ಲೈನ್ ಮನೆಗಳಿಂದ ಕಣದವರೆಗೆ ತಿರುಗಿದ್ದೆಲ್ಲ ಒಂದೇ ರ್‍ಯಾಲಿ ಕಂಪನಿಯ ಸೈಕಲ್ಲಿನಲ್ಲಿ. ಮೊಣಕಾಲು ನೋವು ಶುರುವಾದ ಮೇಲೆ ಅದು ಕೊಟ್ಟಿಗೆಯ ಮೂಲೆ ಸೇರಿತ್ತು. ಹೋದ ಸಲ ಊರಿಗೆ ಹೋದಾಗ ಅವರೇ ಮಾತು ತೆಗೆದರು. "ಗುಜರಿಯವನು ಎರಡು ಸಲ ಕೇಳ್ಕೊಂಡು ಹೋದ. ಓಡಿಸ್ತೀಯಾ ಅಂದ್ರೆ ತಗೊಂಡು ಹೋಗು ಮಗಾ. ಸುಮ್ನೆ ನಿಲ್ಲಿಸೋದಕ್ಕಾದ್ರೆ ಬೇಡ."

ಪಿಕಪ್ಪಿನಲ್ಲಿ ಗೋಣಿಚೀಲದ ಮೇಲೆ ಮಲಗಿಸಿ ಚಿಕ್ಕಮಗಳೂರಿಗೆ ತಂದೆ. ನೋಡಿದವರೆಲ್ಲ ಹೇಳಿದ್ದು ಒಂದೇ: "ಪೂರ್ತಿ ಬಿಚ್ಚಿಸಿ ಸ್ಪ್ರೇ ಪೇಂಟ್ ಹೊಡೆಸಿಬಿಡಿ, ಹೊಸದರ ಹಾಗೆ ಆಗುತ್ತೆ." ನನಗೆ ಮನಸ್ಸಾಗಲಿಲ್ಲ. ಮೇಲಿನ ಬಾರಿನಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಕಪ್ಪು ಬಣ್ಣ ಸವೆದು ಕಬ್ಬಿಣ ಕಾಣುತ್ತಿತ್ತು. ಚಿಕ್ಕವನಿದ್ದಾಗ ಅಲ್ಲಿಗೆ ಟವೆಲ್ ಸುತ್ತಿ ದೊಡ್ಡಪ್ಪ ನನ್ನನ್ನು ಕೂರಿಸುತ್ತಿದ್ದರು. ಅದರ ಮೇಲೆ ಬಣ್ಣ ಬಳಿದರೆ ಉಳಿಯುವುದು ಯಾರದೋ ಸೈಕಲ್ಲು, ಅಲ್ವಾ? ಓಡಬೇಕು, ತುಕ್ಕು ಮುಂದೆ ಹೋಗಬಾರದು. ಇಷ್ಟೇ ಸಾಕು ಅಂತ ತೀರ್ಮಾನಿಸಿದೆ.

ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿದೆ. ಹೊಗೆ, ಧೂಳು, ಹಳೇ ಗ್ರೀಸು ಸೇರಿ ಅಂಟಿನ ಹಾಗೆ ಕೂತಿತ್ತು. ಜೋರಾಗಿ ಉಜ್ಜಬಾರದು, ಕೆಳಗೆ ಚಿನ್ನದ ಬಣ್ಣದ ಸಣ್ಣ ಗೆರೆಗಳಿದ್ದರೆ ಅವೂ ಹೋಗುತ್ತವೆ. ಎರಡನೇ ದಿನ ಮುಂದಿನ ಹಿತ್ತಾಳೆ ಬಿಲ್ಲೆಯಲ್ಲಿ ರ್‍ಯಾಲಿಯ ಗುರುತಾದ ಕೊಕ್ಕರೆಯ ತಲೆ ಕಾಣಿಸಿತು. ಅದರ ಜೊತೆಗೆ ನಾಟಿಂಗ್‌ಹ್ಯಾಮ್ ಅನ್ನುವ ಅಕ್ಷರಗಳೂ, ಅದು ರ್‍ಯಾಲಿ ಕಾರ್ಖಾನೆಯಿದ್ದ ಇಂಗ್ಲೆಂಡಿನ ಊರು. ಆಮೇಲಿನ ಕಾಲದಲ್ಲಿ ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರ್‍ಯಾಲಿ ಕಾರ್ಖಾನೆ ಬಂತು. ಇದು ಅಲ್ಲಿಯದಲ್ಲ, ಇಂಗ್ಲೆಂಡಿನಿಂದಲೇ ಬಂದದ್ದು.

ಹ್ಯಾಂಡಲ್ಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕಾಯಿತು. ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಬೇಕು. ಅದು ಕ್ರೋಮಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಮಡ್‌ಗಾರ್ಡ್‌ಗಳ ಒಳಬದಿ ಮಾತ್ರ ಮಲೆನಾಡಿನ ಮಳೆಗೆ ಹೊಟ್ಟೆದ್ದುಹೋಗಿತ್ತು. ಕೆರೆದು ರೆಡ್ ಆಕ್ಸೈಡ್ ಬಳಿದೆ. ಹೊಸ ಬಣ್ಣ ಸೋಕಿದ್ದು ಅಲ್ಲಿಗೆ ಮಾತ್ರ.

ನನ್ನನ್ನು ನಾಲ್ಕು ದಿನ ಹಿಡಿದು ನಿಲ್ಲಿಸಿದ್ದು ಕಾಟರ್ ಪಿನ್. ಪೆಡಲಿನ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಹಿಡಿಯುವ ಬೆಣೆ ಅದು, ಕಿರುಬೆರಳಿಗಿಂತ ಚಿಕ್ಕದು. ಎಡಗಡೆಯದ್ದಕ್ಕೆ ನಟ್ಟು ಬಿಚ್ಚಿ ಸುತ್ತಿಗೆಯಲ್ಲಿ ಹೊಡೆದೆ. ಪಿನ್ನಿನ ತುದಿ ಅಣಬೆಯ ಹಾಗೆ ಅಗಲವಾಯಿತೇ ಹೊರತು ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ. ನಮ್ಮ ಬೀದಿಯಲ್ಲಿ ಹಿಂದೆ ಸೈಕಲ್ ಶಾಪ್ ಇಟ್ಟಿದ್ದ ಹಿರಿಯರೊಬ್ಬರು ನೋಡಿ ಬೈದೇ ಬಿಟ್ಟರು. ಅವರು ಹೇಳಿದಂತೆ ಬಲಗಡೆಯದ್ದಕ್ಕೆ ರಾತ್ರಿಯಿಡೀ ಎಣ್ಣೆ ಬಿಟ್ಟೆ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮವಾಗಿ ನಿಲ್ಲಿಸಿದೆ, ಹಾಗಾದರೆ ಪಿನ್ನಿನ ಮರೆ (ತಿರುಪಿನ ಗೆರೆ, ಥ್ರೆಡ್) ಹಾಳಾಗುವುದಿಲ್ಲ. ಕ್ರ್ಯಾಂಕಿನ ಕೆಳಗೆ ನೆಲಕ್ಕೆ ಆನಿಸಿ ಒಂದು ಜಿಐ ಪೈಪ್ ತುಂಡು ಕೊಟ್ಟೆ. ಈ ಆಸರೆ ಇಲ್ಲದಿದ್ದರೆ ಏಟೆಲ್ಲ ಒಳಗಿನ ಬೇರಿಂಗ್ ಗುಂಡುಗಳಿಗೆ ಬೀಳುತ್ತದೆ. "ಹತ್ತು ಸಣ್ಣ ಏಟು ಬೇಡ, ಒಂದೇ ಗಟ್ಟಿ ಏಟು" ಅಂದಿದ್ದರು. ಒಂದೇ ಏಟಿಗೆ ಟಕ್ ಅಂತ ಜಾರಿತು. ಎಡಗಡೆಯದನ್ನು ಡ್ರಿಲ್ ಹಾಕಿ ತೆಗೆಯಬೇಕಾಯಿತು.

ಹೊಸ ಪಿನ್ನುಗಳು ಅಂಗಡಿಯಿಂದ ತಂದ ಹಾಗೇ ಕೂರುವುದಿಲ್ಲ. ಇಳಿಜಾರು ಮುಖವನ್ನು ಅರದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ ಹೊಂದಿಸಬೇಕು. ಎರಡನ್ನೂ ಒಂದಕ್ಕೊಂದು ಎದುರುಬದುರಾಗಿ ಹಾಕಬೇಕು, ಇಲ್ಲದಿದ್ದರೆ ಎರಡು ಪೆಡಲುಗಳು ಒಂದೇ ನೇರಕ್ಕೆ ಬರುವುದಿಲ್ಲ. ಇನ್ನೊಂದು ಮಾತು: ಎಡಗಡೆಯ ಪೆಡಲಿನ ಮರೆ ಉಲ್ಟಾ. ಬಿಚ್ಚುವಾಗ ಅದನ್ನು ಮರೆತರೆ ಇನ್ನಷ್ಟು ಬಿಗಿಯಾಗುತ್ತದೆ.

ಅಚ್ಚಿನ ಕಪ್ಪುಗಳನ್ನು, ಅಂದರೆ ಆ ಗುಂಡುಗಳು ಕೂರುವ ಬಟ್ಟಲುಗಳನ್ನು, ಮಾತ್ರ ಬಿಸಾಡಬೇಡಿ. ಬೇರೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಇಂಚಿಗೆ 24 ಮರೆ ಇದ್ದರೆ ನಾಟಿಂಗ್‌ಹ್ಯಾಮ್ ರ್‍ಯಾಲಿಯಲ್ಲಿ 26. ಅಂಗಡಿಯ ಕಪ್ಪು ತಿರುಗಿಸಿ ಕೂರಿಸಲು ಹೋದರೆ ಫ್ರೇಮಿನ ಮರೆಯೇ ಹೋಗುತ್ತದೆ. ನಾನು ಹಳೇ ಕಪ್ಪುಗಳನ್ನೇ ತೊಳೆದು, ಕಾಲಿಂಚಿನ ಹೊಸ ಗುಂಡು, ಹೊಸ ಗ್ರೀಸು ಹಾಕಿದೆ.

ತೊಗಲಿನ ಸೀಟಿನ ವಿಷಯದಲ್ಲಿ ಎಡವಿದೆ. ಒಣಗಿ ಹಪ್ಪಳದ ಹಾಗಾಗಿತ್ತು ಅಂತ ಕೊಬ್ಬರಿ ಎಣ್ಣೆ ಸುರಿದೆ. ಎಣ್ಣೆ ಜಾಸ್ತಿ ಕುಡಿದ ತೊಗಲು ಮೆತ್ತಗಾಗಿ ನಡುವೆ ತಗ್ಗಿತು. ಮುಂದಿನ ಮೂತಿಯ ಕೆಳಗಿರುವ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದ ಮೇಲೆ ಕೂರುವ ಹಾಗಾಯಿತು. ಜೇನುಮೇಣವನ್ನು ತೆಳ್ಳಗೆ ಹಚ್ಚಿದ್ದರೆ ಸಾಕಿತ್ತು.

ಟೈರಿನ ಚಿಂತೆ ಇರಲಿಲ್ಲ. 28 ಇಂಚು, ಒಂದೂವರೆ ಅಗಲ. ಹಾಲಿನವರ ಸೈಕಲ್ಲುಗಳಿಗೂ ಅದೇ ಅಳತೆ, ಪೇಟೆಯಲ್ಲೇ ಸಿಕ್ಕಿತು. ಬ್ರೇಕ್ ರಬ್ಬರೂ ಅಲ್ಲೇ. ಕಾಟ ಕೊಟ್ಟಿದ್ದು ನಟ್ಟುಗಳು. ಇಂಚಿನ ಲೆಕ್ಕದ ಹಳೇ ನಟ್ಟಿಗೆ ನನ್ನ ಮಿಲಿಮೀಟರ್ ಸ್ಪ್ಯಾನರ್ ಜಾರುತ್ತಿತ್ತು, ಮೂಲೆಗಳು ಸವೆಯುವ ಭಯ.

ಎಲ್ಲ ಮುಗಿದ ಭಾನುವಾರ ಬೆಳಿಗ್ಗೆಯೇ ಹೊರಟು ಆಲ್ದೂರಿಗೆ ತುಳಿದುಕೊಂಡೇ ಹೋದೆ. ಏರು ಬಂದಲ್ಲಿ ಇಳಿದು ತಳ್ಳಿದೆ. ದೊಡ್ಡಪ್ಪ ಜಗಲಿಯಿಂದ ಇಳಿದು ಬಂದವರು ಬಾರಿನ ಸವೆದ ಜಾಗವನ್ನು ಒಮ್ಮೆ ಸವರಿದರು. ಆಮೇಲೆ ಬಗ್ಗಿ ಹೆಬ್ಬೆರಳಿನಿಂದ ಚೈನು ಒತ್ತಿ ನೋಡಿದರು. "ಬಿಗಿ ಆಯ್ತಲ್ಲೋ" ಅಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಹಲವು ತೂತಿನ ಒಂದು ಸ್ಪ್ಯಾನರ್. ಹಿಂದಿನ ಚಕ್ರದ ನಟ್ಟಿಗೆ ಅದು ಅಳತೆ ತೆಗೆದ ಹಾಗೆ ಕೂತಿತು.