'ಗೆಟ್' ಅಂದರೆ ಬರೀ 'ಪಡೆ' ಅಲ್ಲ

ಶಾಲೆಯಲ್ಲಿ ಇಂಗ್ಲಿಷಿನ 'ಗೆಟ್' ಪದದ ಮುಂದೆ 'ಪಡೆ' ಎಂದು ಬರೆದುಕೊಂಡಿದ್ದೆವು, ಅಲ್ವಾ? ಹೊರದೇಶಕ್ಕೆ ಬಂದ ಮೇಲೆ ಆ ಒಂದೇ ಅರ್ಥ ಸಾಲುವುದಿಲ್ಲ. ಸಿಗು, ಆಗು, ಬರು, ತಲುಪು, ಎಲ್ಲದರ ಕೆಲಸವನ್ನೂ ಇಲ್ಲಿಯ ಜನ ಈ ಪುಟ್ಟ ಪದದಿಂದಲೇ ಮಾಡಿಸುತ್ತಾರೆ.

ನಮ್ಮ ಮಾತಿನಲ್ಲಿ ಕೆಲಸ ನಮಗೆ ಸಿಗುತ್ತದೆ, ಕೋಪ ನಮಗೆ ಬರುತ್ತದೆ, ವಿಷಯ ನಮಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಆ 'ನನಗೆ' ಹೋಗಿ 'ನಾನು' ಮುಂದೆ ಬರುತ್ತದೆ. 'ಐ ಗಾಟ್ ಎ ಜಾಬ್', 'ಐ ಗಾಟ್ ಆ್ಯಂಗ್ರಿ', 'ಐ ಗೆಟ್ ಇಟ್'. ಮನಸ್ಸಿನಲ್ಲಿ 'ನನಗೆ' ಎಂದು ಮಾತು ಶುರುವಾದರೆ ಒಮ್ಮೆ 'ಗೆಟ್' ಹಾಕಿ ನೋಡಿ. ಎಲ್ಲ ಕಡೆ ಅಲ್ಲದಿದ್ದರೂ ಬಹಳ ಕಡೆ ಸರಿಹೊಂದುತ್ತದೆ.

ಇನ್ನು 'ಮಾಡಿಸು'. ಬಂದ ಹೊಸತರಲ್ಲಿ ನಾನು ಆಫೀಸಿನಲ್ಲಿ 'ಐ ಕಟ್ ಮೈ ಹೇರ್' ಎಂದೆ. ಪಕ್ಕದವರು ನನ್ನ ತಲೆಯನ್ನೇ ನೋಡಿ, ನೀವೇ ಕತ್ತರಿಸಿಕೊಂಡಿರಾ ಎಂದು ನಿಜಕ್ಕೂ ಆಶ್ಚರ್ಯದಿಂದ ಕೇಳಿದರು. 'ಐ ಗಾಟ್ ಮೈ ಹೇರ್ ಕಟ್' ಎನ್ನಬೇಕಿತ್ತು. ಬೇರೆಯವರ ಕೈಯಲ್ಲಿ ಮಾಡಿಸಿದ್ದಕ್ಕೆ ನಾವು 'ಇಸು' ಸೇರಿಸುತ್ತೇವೆ, ಇವರು 'ಗೆಟ್' ತರುತ್ತಾರೆ. ವಸ್ತು ಮೊದಲು, ಕ್ರಿಯಾಪದದ ಮೂರನೇ ರೂಪ ಆಮೇಲೆ: 'ಐ ಗಾಟ್ ದ ಕಾರ್ ರಿಪೇರ್ಡ್'. ಈ ಕ್ರಮ ತಪ್ಪಿದರೆ ವಾಕ್ಯವೇ ಕೆಡುತ್ತದೆ. ಹಾಗಾಗಿ ಬೇರೆಲ್ಲಕ್ಕಿಂತ ಮೊದಲು ಇದನ್ನೇ ಬಾಯಿಗೆ ರೂಢಿ ಮಾಡಿಕೊಳ್ಳಿ ಎನ್ನುತ್ತೇನೆ.

ಬಸ್ಸಿನಿಂದ ಇಳಿಯುವುದಕ್ಕೆ ನಾವು 'ಗೆಟ್ ಡೌನ್' ಎನ್ನುತ್ತೇವೆ. ಇಲ್ಲಿ ಅದನ್ನು ಕೇಳಿದವರು ತಲೆ ಬಗ್ಗಿಸಿ ಕೂರಬೇಕೇನೋ ಎಂದುಕೊಂಡಾರು. ಬಸ್ಸು, ರೈಲು, ವಿಮಾನ ಆದರೆ ಹತ್ತುವುದು 'ಗೆಟ್ ಆನ್', ಇಳಿಯುವುದು 'ಗೆಟ್ ಆಫ್'. ಕಾರು, ಟ್ಯಾಕ್ಸಿಗೆ 'ಗೆಟ್ ಇನ್', 'ಗೆಟ್ ಔಟ್'. ಒಳಗೆ ಎದ್ದು ಓಡಾಡಲು ಜಾಗ ಇರುವ ವಾಹನಕ್ಕೆ 'ಆನ್' ಎಂದು ನೆನಪಿಟ್ಟುಕೊಂಡರೆ ಸಾಕು.

'ಐ ಆಮ್ ನಾಟ್ ಗೆಟಿಂಗ್ ಯು' ಎನ್ನುವುದನ್ನೂ ಬಿಟ್ಟುಬಿಡಿ. ಅರ್ಥವಾಗದಿದ್ದರೆ 'ಸಾರಿ, ಐ ಡಿಡಂಟ್ ಗೆಟ್ ದಟ್' ಎನ್ನಿ. ಕೇಳುವವರಿಗೆ ಹಿತವಾಗಿಯೂ ಇರುತ್ತದೆ.

ಫೋನ್ ರಿಂಗಾದಾಗ ಯಾರಾದರೂ 'ಐ ವಿಲ್ ಗೆಟ್ ಇಟ್' ಎಂದರೆ ನೀವು ಏಳಬೇಕಿಲ್ಲ, ಅವರೇ ಎತ್ತುತ್ತಾರೆ.

ಅಮೆರಿಕದಲ್ಲಿ ಮಕ್ಕಳು 'ಗೆಟ್'ನ ಮೂರನೇ ರೂಪವನ್ನು 'ಗಾಟನ್' ಎಂದು ಬರೆದರೆ ದಯವಿಟ್ಟು ತಿದ್ದಬೇಡಿ, ಅಲ್ಲಿ ಅದು ಸರಿ. ಬ್ರಿಟನ್ನಿನಲ್ಲಿ ಮಾತ್ರ ಸಾಮಾನ್ಯವಾಗಿ 'ಗಾಟ್' ಎಂದೇ ಬಳಸುತ್ತಾರೆ. ಅಮೆರಿಕದವರಿಗೆ ಈ ಎರಡೂ ಒಂದೇ ಅಲ್ಲ: 'ಐ ಹ್ಯಾವ್ ಗಾಟ್ ಎ ಕಾರ್' ಅಂದರೆ ಕಾರು ಇದೆ, 'ಐ ಹ್ಯಾವ್ ಗಾಟನ್ ಎ ಕಾರ್' ಅಂದರೆ ಕಾರು ತೆಗೆದುಕೊಂಡಿದ್ದೇನೆ.