ಎಂಜಿನ್ ಸುಯ್ಯೆನ್ನುತ್ತಿದೆಯೇ? ಬಿರುಕುಬಿಟ್ಟ ಪೈಪಿಗೆ ಬದಲಿ ಹುಡುಕುವ ಬಗೆ

ಸಿಗ್ನಲ್‌ನಲ್ಲಿ ನಿಂತ ಕಾರಿನ ಎಂಜಿನ್ ತನ್ನಷ್ಟಕ್ಕೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಗ್ಯಾರೇಜಿನವರು ಇದಕ್ಕೆ ‘ಹಂಟಿಂಗ್’ ಅನ್ನುತ್ತಾರೆ. ನನ್ನ ಹಳೆಯ ಆಲ್ಟೊ ಹೀಗೆ ಶುರುಮಾಡಿದಾಗ ಪ್ಲಗ್ ಬದಲಿಸಿದೆ, ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಕವಾಟದ ಭಾಗ) ತೊಳೆಸಿದೆ, ಏನೂ ಆಗಲಿಲ್ಲ. ಕೊನೆಗೆ ಸಿಕ್ಕಿದ್ದು ಕಿರುಬೆರಳಿಗಿಂತ ಸಣ್ಣ ರಬ್ಬರ್ ಪೈಪಿನ ತುದಿಯಲ್ಲಿ ಒಂದು ಸೀಳು. ಅದನ್ನು ಬದಲಿಸಲು ಐದು ನಿಮಿಷ ಹಿಡಿಯಿತು. ಸರಿಯಾದ ಪೈಪ್ ಹುಡುಕುವುದಕ್ಕೆ ಎರಡು ಶನಿವಾರ ಹೋದವು.

ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿದ್ದಾಗ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುತ್ತಿರುವಾಗ, ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಪಿಸ್ಟನ್‌ಗಳು ಮಾತ್ರ ಗಾಳಿ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬಲವಾದ ಎಳೆತ, ಅಂದರೆ ವ್ಯಾಕ್ಯೂಮ್, ಹುಟ್ಟುತ್ತದೆ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್, ಎಂಜಿನ್ನಿನೊಳಗಿನ ಎಣ್ಣೆಯ ಹೊಗೆಯನ್ನು ಮತ್ತೆ ಒಳಕ್ಕೆಳೆಯಲು ಬಿಡುವ ಪಿಸಿವಿ ವಾಲ್ವ್, ಪೆಟ್ರೋಲ್ ಆವಿ ಎಳೆಯುವ ಪರ್ಜ್ ಪೈಪ್ ಎಲ್ಲವೂ ಈ ಎಳೆತದ ಮೇಲೇ ಬದುಕುತ್ತವೆ. ದಾರಿಯಲ್ಲಿ ಎಲ್ಲೋ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಸಾಮಾನ್ಯವಾಗಿ ಐಡಲ್ ಮೇಲಕ್ಕೇರುತ್ತದೆ. ಗಾಳಿಯನ್ನು ಅಳೆದೇ ಒಳಬಿಡುವ ಏರ್ ಫ್ಲೋ ಸೆನ್ಸರ್ ಇದ್ದರೆ ಎಂಜಿನ್ ನಡುಗುತ್ತದೆ, ಸ್ಕ್ಯಾನರ್ ಹಾಕಿದಾಗ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎನ್ನುವ ಪಿ0171 ಕೋಡ್ ಕಾಣಬಹುದು.

ಮೊದಲು ಬ್ರೇಕ್ ನೋಡಿ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಕಾಲನ್ನು ಅಲ್ಲೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕಡೆ ತೊಂದರೆ ಇದೆ. ಆ ಗಾಡಿಯನ್ನು ಅಂಗಡಿಗೂ ಓಡಿಸಿಕೊಂಡು ಹೋಗಬೇಡಿ, ಆಟೊದಲ್ಲಿ ಹೋಗಿ.

ಇನ್ನು ಸೋರುವ ಜಾಗ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ. ಎರಡಡಿ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಒಂದೊಂದೇ ಜೋಡಣೆಯ ಹತ್ತಿರ ಒಯ್ಯಿರಿ. ಸೋರುವ ಕಡೆ ಸುಯ್ ಎಂಬ ಸದ್ದು ಥಟ್ಟನೆ ದೊಡ್ಡದಾಗುತ್ತದೆ. ಫ್ಯಾನ್, ಬೆಲ್ಟ್‌ಗಳಿಂದ ಕೈ, ದುಪಟ್ಟಾ, ಸಡಿಲ ತೋಳು ಎಲ್ಲ ದೂರವಿರಲಿ. ಅನುಮಾನ ಬಂದ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಹಿಸುಕಿದಾಗ ಎಂಜಿನ್ ಸದ್ದು ಸರಿಹೋದರೆ ಕಳ್ಳ ಆ ಸಾಲಿನಲ್ಲೇ ಇದ್ದಾನೆ. ಬಿರುಕಿನ ಮೇಲೆ ಸೋಪಿನ ನೀರು ಹನಿಸಿದರೂ ಸದ್ದು ಕ್ಷಣಕಾಲ ಬದಲಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ನೋಡುವವರೂ ಇದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯ ಜತೆ ಸರಸ, ನಾನು ಮಾಡುವುದಿಲ್ಲ.

ವ್ಯಾಕ್ಯೂಮ್ ಗೇಜ್ ಇರುವವರಿಗೆ ಒಂದು ಮಾತು. ಆರೋಗ್ಯವಂತ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಬೇಕೆಂದು ಕೈಪಿಡಿಗಳು ಹೇಳುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 18 ತೋರಿಸಿದ ಗಾಡಿ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 15 ತೋರಿಸಿದರೆ ಎಂಜಿನ್‌ಗೆ ಏನೂ ಆಗಿಲ್ಲ.

ಅಳತೆಯೇ ಮುಖ್ಯ

ಹಳೆಯ ಪೈಪ್ ನಿಪ್ಪಲ್‌ಗೆ, ಅಂದರೆ ಅದು ಕೂರುವ ಸಣ್ಣ ಕೊಳವೆಗೆ, ಕಚ್ಚಿಕೊಂಡಿದ್ದರೆ ಎಂಜಿನ್ ಆಫ್ ಮಾಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಜಗ್ಗಿದರೆ ಪ್ಲಾಸ್ಟಿಕ್ ನಿಪ್ಪಲ್ ಮುರಿಯುತ್ತದೆ, ಆಮೇಲೆ ಹತ್ತು ನಿಮಿಷದ ಕೆಲಸ ಹತ್ತು ದಿನಕ್ಕೆ ಬೆಳೆಯುತ್ತದೆ. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಎರಡು ಫೋಟೊ ಹೊಡೆದುಕೊಳ್ಳಿ, ಯಾವುದು ಎಲ್ಲಿಗೆ ಎನ್ನುವುದು ಸಂಜೆಯ ಹೊತ್ತಿಗೆ ನೆನಪಿರುವುದಿಲ್ಲ.

ಹಳೆಯ ಪೈಪಿನ ಬಾಯಿಯನ್ನು ಅಳೆದು ಮೋಸ ಹೋಗಬೇಡಿ. ವರ್ಷಗಟ್ಟಲೆ ಬಿಸಿಗೆ ಅದು ಹಿಗ್ಗಿರುತ್ತದೆ. ವರ್ನಿಯರ್‌ನಿಂದ ನಿಪ್ಪಲ್‌ನ ಹೊರವ್ಯಾಸ ಅಳೆಯಿರಿ. ಹೊಸ ಪೈಪಿನ ಒಳವ್ಯಾಸ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇದ್ದರೆ ಬಿಗಿಯಾಗಿ ಕೂರುತ್ತದೆ.

ನಂತರ ಒಳಗೆ ಹರಿಯುವುದೇನು ಅಂತ ಕೇಳಿಕೊಳ್ಳಿ. ಬರೀ ಗಾಳಿಯಾದರೆ ಸಾಧಾರಣ ವ್ಯಾಕ್ಯೂಮ್ ಪೈಪ್ ನಡೆಯುತ್ತದೆ. ಪಿಸಿವಿ ಸಾಲಿನಲ್ಲಿ ಎಣ್ಣೆಯ ಹೊಗೆ, ಪರ್ಜ್ ಸಾಲಿನಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಇವಕ್ಕೆ ಎಣ್ಣೆ-ಪೆಟ್ರೋಲ್ ತಡೆಯುವ ಪೈಪೇ ಬೇಕು. ಬಣ್ಣಬಣ್ಣದ ಸಿಲಿಕೋನ್ ಪೈಪ್ ಚೆಂದ ಕಾಣುತ್ತದೆ, ಈ ಎರಡು ಕಡೆ ಬಾಳಿಕೆ ಬರುವುದಿಲ್ಲ. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಮೀನಿನ ತೊಟ್ಟಿಯ ಗಾಳಿ ಪೈಪ್ ಹಾಕಿದ್ದೆ. ಎಂಜಿನ್ ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ಬಾಳೆನಾರಿನಂತೆ ಚಪ್ಪಟೆಯಾಗಿ ಕೂತಿತು. ಮೊದಲ ಶನಿವಾರ ಕಳೆದದ್ದು ಹಾಗೆ.

ಎರಡನೆಯದು ಅಂಗಡಿಯಲ್ಲಿ. ಬೆಂಗಳೂರಿನವರಿಗೆ ಬಿಡಿಭಾಗ ಅಂದರೆ ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗಿನ ಜೆ.ಸಿ. ರಸ್ತೆ. ನಾನು ಬಾಯಲ್ಲಿ ‘ಆಲ್ಟೊ ವ್ಯಾಕ್ಯೂಮ್ ಪೈಪ್’ ಅಂದೆ. ಕೌಂಟರಿನಲ್ಲಿದ್ದವರು ‘ಯಾವ ಆಲ್ಟೊ ಸಾರ್?’ ಅಂದರು. ಪ್ರಶ್ನೆ ಸರಿಯೇ. 2000ದಲ್ಲಿ ಬಂದ 796 ಸಿಸಿ ಆಲ್ಟೊ ಒಂದು, 2010ರ ಕೆ10 ಇನ್ನೊಂದು, 2012ರ ಆಲ್ಟೊ 800 ಮತ್ತೊಂದು. ನಾನು ತಂದದ್ದು ತಪ್ಪು ಗಾಡಿಯದ್ದು. ಅಂದಿನಿಂದ ಹಳೆಯ ತುಂಡನ್ನೂ ಆರ್‌ಸಿಯ ಫೋಟೊವನ್ನೂ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತೇನೆ. ಅದರಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟರೆ ಕಂಪನಿ ಪಾರ್ಟ್ಸ್ ಕೌಂಟರಿನಲ್ಲಿ ನಿಮ್ಮ ಗಾಡಿಗೆ ಹೊಂದುವ ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ.

ನೇರ ಪೈಪನ್ನು ಮೀಟರ್ ಲೆಕ್ಕದಲ್ಲಿ ಹೊರಗೆ ಕೊಳ್ಳಿ, ಕಂಪನಿಯದ್ದೇ ಬೇಕಿಲ್ಲ. ಅಚ್ಚಿನಲ್ಲಿ ಬಾಗಿಸಿದ್ದಾದರೆ ಕಂಪನಿಯದ್ದೇ ಬೇಕು. ನೇರ ಪೈಪನ್ನು ಬಗ್ಗಿಸಿದರೆ ತಿರುವಿನಲ್ಲಿ ಮಡಚಿ ದಾರಿ ಕಟ್ಟುತ್ತದೆ. ಬ್ರೇಕ್ ಬೂಸ್ಟರ್ ಪೈಪ್ ಮತ್ತು ಅದರ ಒನ್‌ವೇ ವಾಲ್ವ್ ವಿಷಯದಲ್ಲಿ ಗುಜರಿ ಮಾಲು, ಲೋಕಲ್ ಮಾಲು ಎರಡೂ ಬೇಡ. ಒನ್‌ವೇ ವಾಲ್ವ್ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆಗೆ ನೋಡಬೇಕು. ಆದರೆ ಮುರಿದ ಪ್ಲಾಸ್ಟಿಕ್ ಟೀ (ಮೂರು ಪೈಪ್ ಕೂಡಿಸುವ ತುಂಡು), ಕಂಪನಿ ನಿಲ್ಲಿಸಿದ ಬ್ರಾಕೆಟ್ ಇಂಥವಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಬಹುದು.

ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಹೆಚ್ಚಿನವು ಟಕಟಕ ಅನ್ನುತ್ತವೆ. ಸದ್ದಿಲ್ಲದಿದ್ದರೆ ಜಿಡ್ಡು ಕಟ್ಟಿರಬಹುದು. ಅದನ್ನು ಬದಲಿಸುವಾಗ ಅದು ಕೂರುವ ರಬ್ಬರ್ ಬುಷ್ ಅನ್ನೂ ಕೊಳ್ಳಿ, ಸೋರುವುದು ಎಷ್ಟೋ ಸಲ ಅದೇ. ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿದ್ದರೆ ಮಾತ್ರ ಮೇಸ್ತ್ರಿಗೆ ಬಿಡಿ. ಪೇಸ್ಟ್ ಬಳಿದು ಮುಚ್ಚುವ ಕೆಲಸವಲ್ಲ ಅದು, ಟಾರ್ಕ್ ವ್ರೆಂಚ್ ಹಿಡಿದು ಕ್ರಮವಾಗಿ ಬಿಗಿಯಬೇಕು.

ಕೂರಿಸುವಾಗ ಹೊಸ ಪೈಪಿನ ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ, ಗ್ರೀಸ್ ಇಲ್ಲದೆಯೇ ಜಾರಿ ಕೂರುತ್ತದೆ. ನೀರನ್ನು ಊದಿ ಒಣಗಿಸಿ, ಹಳೆಯ ಕ್ಲಿಪ್ ಸಡಿಲವಾಗಿದ್ದರೆ ಹೊಸದು ಹಾಕಿ, ಸೈಲೆನ್ಸರ್ ಮ್ಯಾನಿಫೋಲ್ಡ್‌ಗೆ ತಾಗದಂತೆ ದಾರಿ ಮಾಡಿ. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಎಸಿ ಹಾಕಿ, ಹೆಡ್‌ಲೈಟ್ ಹಾಕಿ ನೋಡಿ. ಆಗಲೂ ಐಡಲ್ ಸಮವಾಗಿ ನಿಂತು, ಬ್ರೇಕ್ ಪರೀಕ್ಷೆಯಲ್ಲೂ ಪಾಸಾದರೆ ಬಾನೆಟ್ ಮುಚ್ಚಬಹುದು. ಮಿಕ್ಕ ಅರ್ಧ ಮೀಟರ್ ಪೈಪ್ ಡಿಕ್ಕಿಯಲ್ಲಿರಲಿ. ಅದೇ ವಯಸ್ಸಿನ ಪಕ್ಕದ ಪೈಪೂ ಸದ್ಯದಲ್ಲೇ ಸೀಳುವ ಸಾಧ್ಯತೆ ಇದ್ದೇ ಇದೆ.